ಕೋಲಾರದ ಗಣಿಯೂ ಕ್ವಾರ್ಕುಗಳ ಗಣಿತವೂ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ರಾಯಬಾಗ ತಾಲ್ಲೂಕಿನ ಅಲಖನೂರ ಮತ್ತು ಅದರ ಆಸುಪಾಸಿನ ಹಳ್ಳಿಗಳ ರಸ್ತೆಗಳ ಮೇಲೆ ಟ್ರ್ಯಾಕ್ಟರುಗಳದೇ ರಾಜ್ಯ. ಹೊಲದಿಂದ ಹೊರಟ ಕಬ್ಬು ಕಾರ್ಖಾನೆಯ ಒಳಗೆ ಹೋಗುವ ಮೊದಲು ಕಾಟಾ ಏರಬೇಕು. ತುಂಬಿದ ಗಾಡಿಯನ್ನು ಒಮ್ಮೆ ತೂಗುತ್ತಾರೆ. ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿಯನ್ನು ಇನ್ನೊಮ್ಮೆ ತೂಗುತ್ತಾರೆ. ಕಳೆದರೆ ಕಬ್ಬಿನ ತೂಕ ಬಂತು. ಕಾಟಾದ ಬಗ್ಗೆ ರೈತರಿಗೆ ಎಷ್ಟೇ ಗುಮಾನಿ ಇರಲಿ, ಈ ಕಳೆಯುವ ಲೆಕ್ಕದ ಬಗ್ಗೆ ಯಾರಿಗೂ ಗುಮಾನಿ ಇಲ್ಲ. ಬಿಡಿಗಳ ತೂಕ ಕೂಡಿದರೆ ಇಡಿಯ ತೂಕ ಬರಬೇಕು. ಅದು ಲೋಕರೂಢಿ.

ಅದೇ ಕಬ್ಬನ್ನು ಸೀಳುತ್ತ ಹೋಗೋಣ. ಅಣುಗಳು, ಪರಮಾಣುಗಳು, ಪರಮಾಣುವಿನ ಒಡಲಿನ ಬೀಜ, ಬೀಜದೊಳಗಿನ ಪ್ರೋಟಾನು ಮತ್ತು ನ್ಯೂಟ್ರಾನುಗಳು. ಇಲ್ಲಿಯ ತನಕ ಲೋಕರೂಢಿಯ ಲೆಕ್ಕ ಹೆಚ್ಚುಕಡಿಮೆ ಸರಿ ಹೋಗುತ್ತದೆ. ಇನ್ನೊಂದು ಮೆಟ್ಟಿಲು ಇಳಿದರೆ ಮಾತ್ರ ಕಾಟಾ ಕೈಕೊಡುತ್ತದೆ. ಪ್ರೋಟಾನಿನೊಳಗೆ ಇರುವುದು ಮೂರು ಕ್ವಾರ್ಕುಗಳು: ಎರಡು 'ಅಪ್', ಒಂದು 'ಡೌನ್'. ಭೌತವಿಜ್ಞಾನಿಗಳು ಬಳಸುವ ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಎಂಬ ಅಳತೆಯಲ್ಲಿ ಹೇಳುವುದಾದರೆ ಪ್ರೋಟಾನಿನ ರಾಶಿ 938. ಅಪ್ ಕ್ವಾರ್ಕಿನದು ಸುಮಾರು 2.2, ಡೌನ್ ಕ್ವಾರ್ಕಿನದು ಸುಮಾರು 4.7. ಮೂರನ್ನೂ ಕೂಡಿದರೆ ಒಂಬತ್ತರ ಆಸುಪಾಸು. ನೂರು ಕ್ವಿಂಟಲ್ ತೂಗಿದ ಗಾಡಿಯಲ್ಲಿ ಒಂದೇ ಕ್ವಿಂಟಲ್ ಸರಕು ಇದ್ದ ಹಾಗಾಯಿತು. ಉಳಿದ 99 ಕ್ವಿಂಟಲ್ ಎಲ್ಲಿಂದ ಬಂತು?

ಕ್ವಾರ್ಕುಗಳನ್ನು ಬೆಸೆದಿರುವ ಬಲದ ಶಕ್ತಿಯಿಂದ ಬಂತು ಎಂದು ಐನ್‌ಸ್ಟೈನರ ಸಮೀಕರಣವನ್ನು ನೆನೆದು ಉತ್ತರ ಹೇಳಿಬಿಡಬಹುದು. ಆದರೆ ಆ ಶಕ್ತಿ 938 ಎಂಬ ಅಂಕಿಯನ್ನೇ ಏಕೆ ಕೊಡಬೇಕು, 500 ಏಕಲ್ಲ, 2000 ಏಕಲ್ಲ ಎಂದು ಲೆಕ್ಕ ಮಾಡಿ ತೋರಿಸುವುದು ಬೇರೆ ಮಾತು. ಅದಕ್ಕೆ ವಿಜ್ಞಾನಿಗಳಿಗೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಈ ಲೆಕ್ಕದ ಕಥೆಯ ಒಂದು ಎಳೆ ನಮ್ಮ ರಾಜ್ಯದ ಇನ್ನೊಂದು ತುದಿಯಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ ಇದೆ. ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು. ಕ್ವಾರ್ಕುಗಳ ಲೆಕ್ಕ ಬಾರದಿದ್ದರೆ ಏನು ತೊಂದರೆ ಎಂಬುದು ಕೋಲಾರದಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಹೋಮಿ ಭಾಭಾ ಅವರ ಸೂಚನೆಯಂತೆ 1951ರಲ್ಲಿ ಬಿ.ವಿ. ಶ್ರೀಕಂಠನ್ ಎಂಬ ಯುವಕ ಉಪಕರಣಗಳನ್ನು ಹೊತ್ತು ಕೋಲಾರದ ಗಣಿಗೆ ಇಳಿದರು. ಅವರು ನಂಜನಗೂಡಿನವರು. ಮುಂದೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ನಿರ್ದೇಶಕರಾದರು. ಆಕಾಶದಿಂದ ಸುರಿಯುವ ವಿಶ್ವಕಿರಣಗಳು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯಬಲ್ಲವು ಎಂದು ಅಳೆಯುವುದು ಅವರ ಕೆಲಸ. ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದಾದ ಕೋಲಾರಕ್ಕಿಂತ ತಕ್ಕ ಜಾಗ ಇನ್ನಾವುದು? ಆಳಕ್ಕೆ ಇಳಿದಷ್ಟೂ ಕಿರಣಗಳು ವಿರಳವಾಗುತ್ತ ಹೋದವು. ಕೊನೆಗೆ 1960ರ ದಶಕದ ಆರಂಭದಲ್ಲಿ, ಬಹಳ ಆಳದ ಒಂದು ಮಟ್ಟದಲ್ಲಿ ಎರಡು ತಿಂಗಳು ಕಾದರೂ ಉಪಕರಣ ಒಂದು ಸಲವೂ ಸದ್ದು ಮಾಡಲಿಲ್ಲ. ಬೇರೆಯವರಾದರೆ ನಿರಾಶರಾಗುತ್ತಿದ್ದರು. ಇವರಿಗೆ ಅದೇ ವರವಾಯಿತು. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ನ್ಯೂಟ್ರಿನೋದಂಥ ಹಿಡಿತಕ್ಕೆ ಸಿಗದ ಕಣವೂ ಸಿಕ್ಕೀತು ಎಂದು ಲೆಕ್ಕ ಹಾಕಿದರು. 1965ರಲ್ಲಿ ಟಿಐಎಫ್‌ಆರ್, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಹಾಗೂ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ತಂಡ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಕೋಲಾರದಲ್ಲಿ ಪತ್ತೆಮಾಡಿತು. ಈ ನ್ಯೂಟ್ರಿನೋಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಇವು ಕಥೆಯ ಕೊನೆಯಲ್ಲಿ ಮತ್ತೆ ಬರುತ್ತವೆ.

1970ರ ದಶಕದಲ್ಲಿ ಪ್ರಶ್ನೆ ಬದಲಾಯಿತು. ಒಡಿಶಾ ಮೂಲದ ಜೋಗೇಶ್ ಪತಿ ಹಾಗೂ ಅಬ್ದುಸ್ ಸಲಾಂ, ಅತ್ತ ಅಮೆರಿಕದ ಹೋವರ್ಡ್ ಜಾರ್ಜಿ ಹಾಗೂ ಶೆಲ್ಡನ್ ಗ್ಲಾಷೋ ನಿಸರ್ಗದ ಬಲಗಳನ್ನು ಒಂದೇ ಸೂತ್ರದಲ್ಲಿ ಪೋಣಿಸುವ ಸಿದ್ಧಾಂತಗಳನ್ನು ಮುಂದಿಟ್ಟರು. ಇವುಗಳ ಪ್ರಕಾರ ಪ್ರೋಟಾನು ಚಿರಂಜೀವಿಯಲ್ಲ. ಎಂದೋ ಒಂದು ದಿನ ಅದು ಒಡೆದು ಪಾಸಿಟ್ರಾನು, ಪಯಾನು ಮುಂತಾದ ಹಗುರ ಕಣಗಳಾಗುತ್ತದೆ. ಎಂದರೆ ಕಬ್ಬು, ಕಾಟಾ, ಕಾಟಾ ಏರಿದ ರೈತ, ಎಲ್ಲವೂ ಕೊನೆಗೆ ಕರಗುವಂಥದ್ದೇ. ಗಾಬರಿಪಡಬೇಕಾದ್ದಿಲ್ಲ. ಜಾರ್ಜಿ ಮತ್ತು ಗ್ಲಾಷೋ ಅವರ 'ಎಸ್‌ಯು-5' ಸಿದ್ಧಾಂತ ಪ್ರೋಟಾನಿಗೆ ಕೊಟ್ಟ ಆಯುಸ್ಸು ಸ್ಥೂಲವಾಗಿ 1ರ ಮುಂದೆ 30 ಸೊನ್ನೆ ಇಟ್ಟಷ್ಟು ವರ್ಷ. ವಿಶ್ವಕ್ಕೆ ಈಗ ಆಗಿರುವ ವಯಸ್ಸು 1ರ ಮುಂದೆ 10 ಸೊನ್ನೆಯಷ್ಟೇ, ಸ್ವಲ್ಪ ಹೆಚ್ಚು.

ಅಷ್ಟು ವರ್ಷ ಯಾರು ಕಾಯುತ್ತಾರೆ? ಒಂದು ಪ್ರೋಟಾನನ್ನು ಕಾಯಬೇಕಾಗಿಲ್ಲ. ಲೆಕ್ಕವಿಲ್ಲದಷ್ಟು ಪ್ರೋಟಾನುಗಳನ್ನು ಒಟ್ಟಿಗೆ ಇಟ್ಟುಕೊಂಡು ಕೆಲವು ವರ್ಷ ಕಾದರೆ ಸಾಕು. 1980ರ ಕೊನೆಯಲ್ಲಿ ಕೋಲಾರದಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ 140 ಟನ್ ಕಬ್ಬಿಣದ ಉಪಕರಣ ಕೆಲಸ ಆರಂಭಿಸಿತು. ಕಬ್ಬಿಣದ ತಟ್ಟೆಗಳ ನಡುವೆ ಕಣಗಳ ಜಾಡು ಹಿಡಿಯುವ ಕೊಳವೆಗಳು, ಒಂದರ ಮೇಲೊಂದು ಪದರ. ಎಂ.ಜಿ.ಕೆ. ಮೆನನ್, ಶ್ರೀಕಂಠನ್, ವಿ.ಎಸ್. ನರಸಿಂಹಂ, ಎಂ.ಆರ್. ಕೃಷ್ಣಸ್ವಾಮಿ, ಎನ್.ಕೆ. ಮೊಂಡಲ್ ಮತ್ತು ಒಸಾಕಾದ ವಿಜ್ಞಾನಿಗಳು ಇದರ ಹಿಂದಿದ್ದರು. ಪ್ರೋಟಾನಿನ ಸಾವನ್ನು ಹುಡುಕಲೆಂದೇ ಕಟ್ಟಿದ ಮೊದಲ ಪ್ರಯೋಗ ಇದು.

ಈಗ ಒಂದು ಸಣ್ಣ ಲೆಕ್ಕ. 140 ಟನ್ ಕಬ್ಬಿಣದಲ್ಲಿ ಪ್ರೋಟಾನು, ನ್ಯೂಟ್ರಾನುಗಳ ಒಟ್ಟು ಸಂಖ್ಯೆ ಸುಮಾರು 8ರ ಮುಂದೆ 31 ಸೊನ್ನೆ. ಪ್ರೋಟಾನಿನ ಆಯುಸ್ಸು 1ರ ಮುಂದೆ 31 ಸೊನ್ನೆಯಷ್ಟು ವರ್ಷವಾದರೆ ವರ್ಷಕ್ಕೆ ಏಳೆಂಟು ಸಾವುಗಳು ಸಂಭವಿಸಬೇಕು. ಆಯುಸ್ಸಿಗೆ ಇನ್ನೆರಡು ಸೊನ್ನೆ ಸೇರಿಸಿದರೆ ಹತ್ತು ವರ್ಷ ಗಣಿಯಲ್ಲಿ ಬೆವರು ಸುರಿಸಿದರೂ ಒಂದೂ ಕಾಣದೆ ಹೋಗಬಹುದು. ಎರಡು ಸೊನ್ನೆಗಳ ಮೇಲೆ ಇಡೀ ಪ್ರಯೋಗದ ಭವಿಷ್ಯ ನಿಂತಿತ್ತು ಎಂದಾಯಿತು.

ಆ ಎರಡು ಸೊನ್ನೆಗಳ ಬಗ್ಗೆಯೇ ಸಿದ್ಧಾಂತಕಾರರು ಖಚಿತವಾಗಿ ಹೇಳಲಾರದೆ ಹೋದರು. ಕಾರಣ ಎರಡು. ಮೊದಲನೆಯದು, ಪ್ರೋಟಾನು ಒಡೆಯಬೇಕಾದರೆ ಅದರೊಳಗಿನ ಕ್ವಾರ್ಕುಗಳು ಒಂದೇ ಬಿಂದುವಿನಲ್ಲಿ ಮುಖಾಮುಖಿಯಾಗಬೇಕು. ಅವು ಹಾಗೆ ಸೇರುವ ಸಂಭವ ಎಷ್ಟು? ಇದನ್ನು ತಿಳಿಸುವ ಸಂಖ್ಯೆಗೆ 'ಆಲ್ಫಾ' ಎಂಬ ಹೆಸರಿದೆ. ಬೇರೆ ಬೇರೆ ಮಾದರಿಗಳನ್ನು ನೆಚ್ಚಿದವರು ಹೇಳಿದ ಬೆಲೆಗಳು 0.003ರಿಂದ 0.03ರವರೆಗೆ ಹರಡಿಕೊಂಡಿದ್ದವು. ಹತ್ತು ಪಟ್ಟು ಅಂತರ! ಆಯುಸ್ಸು ಈ ಸಂಖ್ಯೆಯ ವರ್ಗವನ್ನು ಅವಲಂಬಿಸುವುದರಿಂದ ಅಲ್ಲಿ ನೂರು ಪಟ್ಟು ಅಂತರ. ಎರಡು ಸೊನ್ನೆ ಎಂದರೆ ಇದೇ. ಎರಡನೆಯ ಕಾರಣ, ಕ್ವಾರ್ಕುಗಳನ್ನು ಬೆಸೆದ ಪ್ರಬಲ ಬಲ ನಿಜಕ್ಕೂ ಎಷ್ಟು ಪ್ರಬಲ ಎಂಬುದೂ ಆಗ ನಿಖರವಾಗಿ ಗೊತ್ತಿರಲಿಲ್ಲ. ಆ ಬಲದ ಸಹಜ ಅಳತೆಗೋಲನ್ನು ಎರಡು ಪಟ್ಟು ಮಾಡಿದರೆ ಎಸ್‌ಯು-5ರಲ್ಲಿ ಪ್ರೋಟಾನಿನ ಆಯುಸ್ಸು 16 ಪಟ್ಟು ಹೆಚ್ಚುತ್ತದೆ. ಹೀಗಾಗಿ ಸಿದ್ಧಾಂತದ ಭವಿಷ್ಯವಾಣಿ ಪಂಚಾಂಗದ ಮಳೆಯ ಹಾಗೆ ಇತ್ತು. ಬಂದರೂ ಸರಿ, ಬಾರದಿದ್ದರೂ ಸರಿ.

1981ರಲ್ಲಿ ಕೋಲಾರದ ತಂಡ ಪ್ರೋಟಾನಿನ ಸಾವು ಇರಬಹುದಾದ ಕೆಲವು ಘಟನೆಗಳನ್ನು ಪ್ರಕಟಿಸಿತು. ಅವನ್ನು ಒಪ್ಪಿದರೆ ಆಯುಸ್ಸು 1ರ ಮುಂದೆ 31 ಸೊನ್ನೆಗೆ ತುಸು ಕಡಿಮೆ. ಲೋಕದ ಕಣ್ಣು ಕೋಲಾರದ ಮೇಲೆ ಬಿತ್ತು. ಇದು ಎಸ್‌ಯು-5ರ ವಿಜಯವೋ ಅಲ್ಲವೋ ಎಂದು ತೀರ್ಪು ಕೊಡಲು ಬೇಕಾದದ್ದು ಪ್ರೋಟಾನಿನ ಒಳಗಿನ ಲೆಕ್ಕ. ಅದನ್ನು ಮಾಡಬಲ್ಲ ಯಂತ್ರ ಆಗ ಭೂಮಿಯ ಮೇಲೆ ಇರಲಿಲ್ಲ.

ಕಾಗದ, ಪೆನ್ಸಿಲು ಹಿಡಿದು ಈ ಲೆಕ್ಕ ಏಕೆ ಮಾಡಲಾಗದು? 1964ರಲ್ಲಿ ಮರ್ರೆ ಗೆಲ್-ಮನ್ ಮತ್ತು ಜಾರ್ಜ್ ಜ್ವೈಗ್ ಕ್ವಾರ್ಕುಗಳ ಕಲ್ಪನೆ ಕೊಟ್ಟರು. 1973ರಲ್ಲಿ ಡೇವಿಡ್ ಗ್ರಾಸ್, ಫ್ರಾಂಕ್ ವಿಲ್ಚೆಕ್ ಹಾಗೂ ಡೇವಿಡ್ ಪೊಲಿಟ್ಜರ್ ಅವುಗಳ ನಡುವಿನ ಬಲದ ವಿಚಿತ್ರ ಸ್ವಭಾವವನ್ನು ಕಂಡುಕೊಂಡರು. ಹತ್ತಿರ ಬಂದಷ್ಟೂ ಆ ಬಲ ಸಡಿಲ, ದೂರ ಸರಿದಷ್ಟೂ ಬಿಗಿ. ಕ್ವಾರ್ಕುಗಳು ತೀರ ಹತ್ತಿರವಿದ್ದಾಗ ಬಲ ಸಣ್ಣದು. ಆಗ ಮೊದಲು ಸ್ಥೂಲವಾಗಿ ಲೆಕ್ಕ ಹಾಕಿ, ಆಮೇಲೆ ಸಣ್ಣಸಣ್ಣ ತಿದ್ದುಪಡಿ ಸೇರಿಸುತ್ತ ಹೋಗಬಹುದು. ಪ್ರೋಟಾನಿನ ಗಾತ್ರದ ದೂರದಲ್ಲಿ ಬಲ ದೊಡ್ಡದು, ತಿದ್ದುಪಡಿಯೇ ಮೂಲಕ್ಕಿಂತ ದೊಡ್ಡದಾಗಿಬಿಡುತ್ತದೆ. ಅಸಲಿಗಿಂತ ಬಡ್ಡಿ ಹೆಚ್ಚಾದ ಸಾಲದಂತೆ ಲೆಕ್ಕ ಎಂದೂ ಮುಗಿಯುವುದಿಲ್ಲ.

ದಾರಿ ತೋರಿದವರು ಕೆನೆತ್ ವಿಲ್ಸನ್. 1974ರಲ್ಲಿ ಅವರು ಸೂಚಿಸಿದ ಉಪಾಯ ಕೇಳಲು ಸರಳ. ದೇಶ ಮತ್ತು ಕಾಲ ಎರಡನ್ನೂ ಅಖಂಡವೆಂದು ಎಣಿಸದೆ ಚೌಕುಳಿ ಬಲೆಯ ಹಾಗೆ ಬಿಡಿಬಿಡಿ ಗಂಟುಗಳನ್ನಾಗಿ ಕಲ್ಪಿಸಿಕೊಳ್ಳುವುದು. ಗಂಟುಗಳ ಮೇಲೆ ಕ್ವಾರ್ಕುಗಳು, ಗಂಟುಗಳ ನಡುವಿನ ದಾರಗಳ ಮೇಲೆ ಅವನ್ನು ಬೆಸೆಯುವ ಗ್ಲೂಆನ್ ಬಲ. ಈ ಬಲೆಯನ್ನು ನಾವು 'ಜಾಲಕ' ಎನ್ನೋಣ. ಇಂಥ ಜಾಲಕದಲ್ಲಿ ಬಲ ಇರಬಹುದಾದ ವಿನ್ಯಾಸಗಳು ಅಸಂಖ್ಯ. ಎಲ್ಲವನ್ನೂ ಎಣಿಸುವುದು ಅಸಾಧ್ಯ. ಆದರೆ ಎಣಿಸಬೇಕಾಗಿಯೂ ಇಲ್ಲ. ಸಕ್ಕರೆ ಕಾರ್ಖಾನೆಯ ಕೆಮಿಸ್ಟು ರಿಕವರಿ ಎಷ್ಟೆಂದು ತಿಳಿಯಲು ಬಂದ ಕಬ್ಬನ್ನೆಲ್ಲ ಪರೀಕ್ಷಿಸುವುದಿಲ್ಲ, ಮಾದರಿ ರಸ ತೆಗೆದು ಸರಾಸರಿ ಹೇಳುತ್ತಾರೆ. ಅದೇ ರೀತಿ ಕಂಪ್ಯೂಟರಿನಿಂದ ವಿನ್ಯಾಸಗಳ ಮಾದರಿಗಳನ್ನು ತೆಗೆದು ಸರಾಸರಿ ನೋಡಬಹುದೆಂದು 1980ರ ಸುಮಾರಿಗೆ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಮೈಕೆಲ್ ಕ್ರೂಟ್ಜ್ ತೋರಿಸಿಕೊಟ್ಟರು. ಮರುವರ್ಷವೇ, ಕೋಲಾರದ ಘಟನೆಗಳು ಪ್ರಕಟವಾದ ಅದೇ 1981ರಲ್ಲಿ, ಕಣಗಳ ರಾಶಿಯನ್ನು ಈ ವಿಧಾನದಿಂದ ಎಣಿಸುವ ಮೊದಲ ಯತ್ನಗಳು ಬಂದವು.

ಕಂಪ್ಯೂಟರಿನೊಳಗೆ ಪ್ರೋಟಾನನ್ನು ತೂಗುವುದು ಹೇಗೆ? ಅಲ್ಲಿ ತಕ್ಕಡಿ ಇಲ್ಲ. ಜಾಲಕದ ಒಂದು ಗಂಟಿನಲ್ಲಿ ಮೂರು ಕ್ವಾರ್ಕುಗಳನ್ನು ಹುಟ್ಟಿಸಿ, ಕಾಲದ ದಿಕ್ಕಿನಲ್ಲಿ ಹೆಜ್ಜೆ ಹೆಜ್ಜೆಗೂ ಅವುಗಳ ಸಂಕೇತ ಎಷ್ಟು ಕ್ಷೀಣಿಸುತ್ತದೆಂದು ನೋಡುತ್ತಾರೆ. ಭಾರದ ಕಣದ ಸಂಕೇತ ಬೇಗ ಕುಗ್ಗುತ್ತದೆ, ಹಗುರ ಕಣದ್ದು ನಿಧಾನವಾಗಿ. ಕುಗ್ಗುವ ವೇಗದಿಂದ ರಾಶಿ ತಿಳಿಯುತ್ತದೆ.

ತೊಡಕು ಇರುವುದು ಇಲ್ಲಿಯೇ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳೂ ಇಲ್ಲಿಯೇ ಇದೆ. ಕಂಪ್ಯೂಟರು ಹೇಳುವುದು 'ಹೆಜ್ಜೆಗೆ ಇಷ್ಟು' ಎಂದು ಮಾತ್ರ. ಹೆಜ್ಜೆಯ ಉದ್ದ ಎಷ್ಟು ಎಂದು ಅದಕ್ಕೆ ಗೊತ್ತಿಲ್ಲ. ಮೀಟರ್, ಸೆಕೆಂಡು, ಕಿಲೋಗ್ರಾಂ ಎಂಬ ನಮ್ಮ ಲೋಕದ ಅಳತೆಗಳು ಆ ಯಂತ್ರದೊಳಗೆ ಇಲ್ಲವೇ ಇಲ್ಲ. ಬರುವುದೆಲ್ಲ ಬರಿಯ ಸಂಖ್ಯೆಗಳು.

ಈ ಇಕ್ಕಟ್ಟು ಕರ್ನಾಟಕಕ್ಕೆ ಹೊಸದಲ್ಲ. ಟಿಪ್ಪು ಸುಲ್ತಾನ ಮಡಿದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಮೈಸೂರು ಸೀಮೆಯ ಮೋಜಣಿಗೆ ಹೊರಟ. ಬೆಟ್ಟದಿಂದ ಬೆಟ್ಟಕ್ಕೆ ದುರ್ಬೀನು ಹಿಡಿದು ಕೋನಗಳನ್ನು ಅಳೆದು ತ್ರಿಭುಜಗಳ ಸರಪಳಿ ಹೆಣೆಯುವುದು ಅವನ ವಿಧಾನ. ಕೋನಗಳಿಂದ ತ್ರಿಭುಜದ ಆಕಾರ ಸಿಗುತ್ತದೆ, ಗಾತ್ರ ಸಿಗುವುದಿಲ್ಲ. ಈ ಭುಜ ಆ ಭುಜದ ಎರಡರಷ್ಟು ಎನ್ನಬಹುದು, ಎಷ್ಟು ಮೈಲಿ ಎನ್ನಲಾಗದು. ಅದಕ್ಕಾಗಿ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಹೆಚ್ಚು ಉದ್ದದ ಒಂದೇ ಒಂದು ಗೆರೆಯನ್ನು ನೂರು ಅಡಿಯ ಉಕ್ಕಿನ ಸರಪಳಿ ಹಾಸಿ ಹಾಸಿ ಅಳೆದ. ಆ ಒಂದು ಗೆರೆಯ ಉದ್ದ ಗೊತ್ತಾದದ್ದೇ ತಡ, ಹೆಣೆದ ತ್ರಿಭುಜಗಳಿಗೆಲ್ಲ ಮೈಲಿಗಳು ಬಂದುಬಿಟ್ಟವು. ಎರಡು ವರ್ಷಗಳ ಬಳಿಕ ಮದ್ರಾಸಿನಲ್ಲಿ ಆರಂಭವಾದ ಮಹಾ ಮೋಜಣಿಗೂ ಇದೇ ತಂತ್ರ.

ಕ್ವಾರ್ಕುಗಳ ಲೆಕ್ಕಕ್ಕೂ ಇಂಥ ಆಧಾರರೇಖೆಯೊಂದು ಬೇಕು. ಅದನ್ನು ಕಂಪ್ಯೂಟರಿನ ಹೊರಗೆ, ಪ್ರಯೋಗಾಲಯದಲ್ಲಿ ಅಳೆದಿರಬೇಕು. ಹಲವರು ಆರಿಸಿಕೊಳ್ಳುವುದು 'ಒಮೆಗಾ' ಎಂಬ ಕಣವನ್ನು. ಮೂರು 'ಸ್ಟ್ರೇಂಜ್' ಕ್ವಾರ್ಕುಗಳ ಈ ಕಣವಿದೆಯೆಂದು ಗೆಲ್-ಮನ್ 1962ರಲ್ಲಿ ಮುನ್ನುಡಿದರು, 1964ರಲ್ಲಿ ಅದು ಬ್ರೂಕ್‌ಹೇವನ್‌ನಲ್ಲಿ ಸಿಕ್ಕಿತು. ಅದರ ರಾಶಿ 1672 ಎಂಇವಿ. ಉದಾಹರಣೆಗೆ, ಜಾಲಕದ ಲೆಕ್ಕದಲ್ಲಿ ಒಮೆಗಾಗೆ 0.85, ಪ್ರೋಟಾನಿಗೆ 0.477 ಎಂಬ ಬರಿ ಸಂಖ್ಯೆಗಳು ಬಂದವೆನ್ನಿ. 0.85 ಎಂದರೆ 1672 ಎಂದು ನಾವು ಹೊರಗಿನಿಂದ ಹೇಳಿಕೊಡುತ್ತೇವೆ. ಆ ಪ್ರಮಾಣದಲ್ಲಿ 0.477 ಎಂದರೆ 938. ಇದೇ ಹೋಲಿಕೆಯಿಂದ ಜಾಲಕದ ಒಂದು ಹೆಜ್ಜೆಯ ಉದ್ದವೂ ಗೊತ್ತಾಗುತ್ತದೆ: ಒಂದು ಮೀಟರನ್ನು ಕೋಟಿ ಕೋಟಿ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ನೂರು ಮಾಡಿದರೆ ಬರುವಷ್ಟು. ಪ್ರೋಟಾನಿನ ಅಡ್ಡಗಲದಲ್ಲಿ ಇಂಥ ಹದಿನಾರು, ಹದಿನೇಳು ಹೆಜ್ಜೆಗಳು ಹಿಡಿಯುತ್ತವೆ.

ಕ್ವಾರ್ಕುಗಳ ರಾಶಿಯ ಕಥೆಯೂ ಹೀಗೆಯೇ. ಕ್ವಾರ್ಕನ್ನು ಒಂಟಿಯಾಗಿ ಹೊರಗೆ ತೆಗೆಯುವಂತಿಲ್ಲ, ಆದ್ದರಿಂದ ನೇರವಾಗಿ ತೂಗುವಂತೆಯೂ ಇಲ್ಲ. ಕಂಪ್ಯೂಟರಿನಲ್ಲಿ ಅದರ ರಾಶಿಯನ್ನು ಹಿಂದೆ ಮುಂದೆ ತಿರುಗಿಸುತ್ತ, ಪಯಾನು ಮತ್ತು ಕೇಯಾನು ಎಂಬ ಕಣಗಳು ನಿಜಲೋಕದ ತೂಕಕ್ಕೆ ಬರುವ ತನಕ ಹೊಂದಿಸುತ್ತಾರೆ. ಹೀಗೆ ಮೂರು ನಾಲ್ಕು ಅಳತೆಗಳನ್ನು ನಿಸರ್ಗದಿಂದ ಕಡ ತರಬೇಕು. ಆಮೇಲೆ ಕೇಳುವ ಹಕ್ಕಿಲ್ಲ. ಪ್ರೋಟಾನು, ನ್ಯೂಟ್ರಾನು ಮುಂತಾದ ಎಲ್ಲ ಕಣಗಳ ರಾಶಿಯೂ ತಾನಾಗಿ ಸರಿಯಾಗಿ ಬರಬೇಕು. ಬಾರದಿದ್ದರೆ ಸಿದ್ಧಾಂತ ತಪ್ಪು, ಇಲ್ಲವೇ ಲೆಕ್ಕ ತಪ್ಪು. 1996ರ ಅಂತರರಾಷ್ಟ್ರೀಯ ಕಣಪಟ್ಟಿಯಲ್ಲಿ ಅಪ್ ಕ್ವಾರ್ಕಿನ ರಾಶಿ '2ರಿಂದ 8', ಸ್ಟ್ರೇಂಜ್ ಕ್ವಾರ್ಕಿನದು '100ರಿಂದ 300' ಎಂದಿತ್ತು. ಈಗ ಸ್ಟ್ರೇಂಜ್ ಕ್ವಾರ್ಕಿನದು 93ರ ಆಸುಪಾಸು ಎನ್ನುತ್ತಾರೆ. ಈ ಲೇಖನದ ಆರಂಭದಲ್ಲಿ ಕೊಟ್ಟ 2.2, 4.7 ಎಂಬ ಅಂಕಿಗಳ ನಿಖರತೆಗೂ ಜಾಲಕದ ಲೆಕ್ಕವೇ ಮುಖ್ಯ ಆಧಾರ.

ಹೇಳಿದಷ್ಟು ಸುಲಭವಾಗಿ ಇದು ಆಗಲಿಲ್ಲ. ನಿಜವಾದ ಅಪ್, ಡೌನ್ ಕ್ವಾರ್ಕುಗಳು ಬಹಳ ಹಗುರ, ಹಗುರವಾದಷ್ಟೂ ಕಂಪ್ಯೂಟರಿಗೆ ಲೆಕ್ಕ ಭಾರ. ಆದಕಾರಣ ಮೊದಲಿನವರು ಬೇಕೆಂದೇ ಭಾರವಾದ ಕ್ವಾರ್ಕುಗಳನ್ನು ಇಟ್ಟು ಲೆಕ್ಕ ಮಾಡಿ, ಬಂದ ಬೆಲೆಗಳನ್ನು ಗೆರೆ ಎಳೆದು ನಿಜದ ಕಡೆಗೆ ಬಾಗಿಸುತ್ತಿದ್ದರು. ಶೂನ್ಯದಲ್ಲಿ ಕ್ಷಣಕಾಲ ಹುಟ್ಟಿ ಸಾಯುವ ಕ್ವಾರ್ಕು ಜೋಡಿಗಳನ್ನು ಪೂರ್ತಿ ಬಿಟ್ಟುಬಿಡುತ್ತಿದ್ದರು. ಜಾಲಕವೂ ಚಿಕ್ಕದು, ಪ್ರೋಟಾನು ಅದರೊಳಗೆ ಹಿಡಿಸಿದರೆ ಸಾಕು ಎಂಬಂತೆ. ಐಬಿಎಂ ಸಂಸ್ಥೆಯ ಡಾನ್ ವೈನ್‌ಗಾರ್ಟನ್ ತಂಡ ಇದಕ್ಕಾಗಿಯೇ 'ಜಿಎಫ್11' ಎಂಬ ಯಂತ್ರ ಕಟ್ಟಿ, ಅದನ್ನು ತಿಂಗಳುಗಟ್ಟಲೆ ಓಡಿಸಿ 1993ರಲ್ಲಿ ಎಂಟು ರಾಶಿಗಳನ್ನು ಪ್ರಕಟಿಸಿತು. ನಿಜಕ್ಕೂ ಅವಕ್ಕೂ ಇದ್ದ ವ್ಯತ್ಯಾಸ ಶೇ. 6ರೊಳಗೆ. ಆ ಕಾಲಕ್ಕೆ ಅದು ದೊಡ್ಡ ಸುದ್ದಿ. ಆದರೆ ಬಿಟ್ಟುಹೋದ ಕ್ವಾರ್ಕು ಜೋಡಿಗಳ ಸಾಲ ಹಾಗೆಯೇ ಉಳಿದಿತ್ತು.

ಆ ಸಾಲ ತೀರಿದ್ದು 2008ರಲ್ಲಿ. ಬುಡಾಪೆಸ್ಟ್, ಮಾರ್ಸೇಲ್, ವುಪ್ಪರ್‌ಟಾಲ್ ನಗರಗಳ ವಿಜ್ಞಾನಿಗಳ ತಂಡ ಏನನ್ನೂ ಬಿಡದೆ, ಮೂರೇ ಅಳತೆಗಳನ್ನು ಕಡ ತಂದು, ಹಗುರ ಕಣಗಳ ರಾಶಿಗಳನ್ನು ಲೆಕ್ಕ ಹಾಕಿತು. ಪ್ರೋಟಾನಿಗೆ ಬಂದ ಬೆಲೆ 936, ಕೆಲವು ಪ್ರತಿಶತ ಆಚೀಚೆ. ನೂರು ಕ್ವಿಂಟಲಿನಲ್ಲಿ 99 ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಲೆಕ್ಕ ಸಮೇತ ಉತ್ತರ ಸಿಕ್ಕಿದ್ದು ಆಗ. 2015ರಲ್ಲಿ ಇದೇ ಬಳಗ ನ್ಯೂಟ್ರಾನು ಪ್ರೋಟಾನಿಗಿಂತ ಎಷ್ಟು ಭಾರ ಎಂಬುದನ್ನೂ ಎಣಿಸಿತು. ವ್ಯತ್ಯಾಸ ಒಂದೂಕಾಲು ಎಂಇವಿಗೆ ತುಸು ಹೆಚ್ಚು, ಅಷ್ಟೆ. ಆದರೆ ಅದು ತಿರುಗುಮುರುಗಾಗಿದ್ದರೆ ಹೈಡ್ರೊಜನ್ ಉಳಿಯುತ್ತಿರಲಿಲ್ಲ. ಕೃಷ್ಣೆಯಲ್ಲಿ ನೀರೂ ಇರುತ್ತಿರಲಿಲ್ಲ, ಹೊಲದಲ್ಲಿ ಕಬ್ಬೂ ಇರುತ್ತಿರಲಿಲ್ಲ.

ಗೊತ್ತಿರುವ ಉತ್ತರವನ್ನು ಹೊಂದಿಸಿ ತೋರಿಸುವುದು ಏನು ಮಹಾ ಎಂದು ಕೇಳುವವರು ಇರುತ್ತಾರೆ. ನ್ಯಾಯವಾದ ಪ್ರಶ್ನೆ. 'ಬಿ-ಸಿ' ಎಂಬ ಕಣದ ರಾಶಿ ಸುಮಾರು 6304 ಎಂದು ಜಾಲಕ ಗಣಿತಜ್ಞರು 2004ರಲ್ಲಿ ಮೊದಲೇ ಹೇಳಿದರು. ಅಮೆರಿಕದ ಫರ್ಮಿ ಪ್ರಯೋಗಾಲಯದಲ್ಲಿ ಅದನ್ನು ನಿಖರವಾಗಿ ಅಳೆದ ಫಲಿತಾಂಶ ಅದರ ಬೆನ್ನಿಗೇ ಬಂತು: 6287. ಲೆಕ್ಕದವರು ತಾವೇ ಒಪ್ಪಿಕೊಂಡಿದ್ದ ಅನಿಶ್ಚಿತತೆಯ ಗಡಿಯಿಂದ ಅದು ದೂರವೇನೂ ಇರಲಿಲ್ಲ.

ಭಾರತದಲ್ಲಿ ಈ ಕೆಲಸ ಮಾಡಿದವರು ಬೆರಳೆಣಿಕೆಯಷ್ಟು ಮಂದಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಪೂರ್ವ ಪಟೇಲ್ ಅವರಲ್ಲೊಬ್ಬರು. ದೊಡ್ಡ ಬಳಗ ಬೆಳೆದದ್ದು ಕೋಲಾರದ ಪ್ರಯೋಗ ನಡೆಸಿದ ಟಿಐಎಫ್‌ಆರ್‌ನಲ್ಲಿಯೇ. ಅಲ್ಲಿನ ರಾಜೀವ್ ಗವಾಯಿ ಮತ್ತು ಸೌರೇಂದು ಗುಪ್ತ ಕ್ವಾರ್ಕುಗಳ ರಾಶಿಗಿಂತ ಅವುಗಳ ಕಾವಿನ ಬೆನ್ನು ಹತ್ತಿದರು. ಎಷ್ಟು ಕಾಸಿದರೆ ಪ್ರೋಟಾನು ಕರಗಿ ಕ್ವಾರ್ಕುಗಳ ಸಾರಾಗುತ್ತದೆ? 2011ರಲ್ಲಿ ಗುಪ್ತ, ಬೇಡಂಗದಾಸ್ ಮೊಹಂತಿ ಹಾಗೂ ವಿದೇಶದ ಮೂವರು ಸಹೋದ್ಯೋಗಿಗಳು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಸೊಗಸಾದ ಫಲಿತಾಂಶ ಪ್ರಕಟಿಸಿದರು. ಬ್ರೂಕ್‌ಹೇವನ್‌ನಲ್ಲಿ ಚಿನ್ನದ ಪರಮಾಣು ಬೀಜಗಳನ್ನು ಡಿಕ್ಕಿ ಹೊಡೆಸಿದಾಗ ಹೊರಬೀಳುವ ಪ್ರೋಟಾನುಗಳ ಸಂಖ್ಯೆಯ ಏರಿಳಿತವನ್ನು ಅವರು ಜಾಲಕದ ಲೆಕ್ಕದ ಏರಿಳಿತಕ್ಕೆ ಹೋಲಿಸಿದರು. ಇಲ್ಲಿ ಆಧಾರರೇಖೆ ಒಮೆಗಾ ಅಲ್ಲ, ಬೆಂಕಿಯುಂಡೆಯೇ. ಕರಗುವ ಬಿಸಿ 175 ಎಂಇವಿ, ಎಂದರೆ ಸುಮಾರು ಎರಡು ಲಕ್ಷ ಕೋಟಿ ಡಿಗ್ರಿ ಎಂದು ಬಂತು. ಬೇರೆಯವರ ನಂತರದ, ಇನ್ನೂ ನವುರಾದ ಲೆಕ್ಕಗಳು ಇದನ್ನು 156ರ ಆಸುಪಾಸಿಗೆ ಇಳಿಸಿವೆ. ಆದರೂ ಲೆಕ್ಕವನ್ನೂ ಡಿಕ್ಕಿಯನ್ನೂ ನೇರವಾಗಿ ಕೈಕುಲುಕಿಸಿದ ಹಿರಿಮೆ ಆ ಲೇಖನದ್ದು. 2017ರಲ್ಲಿ ಯೂರೋಪಿನ ಸರ್ನ್ ಪ್ರಯೋಗಾಲಯದಲ್ಲಿ 'ಒಮೆಗಾ-ಸಿ' ಬಳಗದ ಐದು ಕಣಗಳು ಒಮ್ಮೆಗೇ ಸಿಕ್ಕಾಗ ಯಾವುದರ ಭ್ರಮಣ ಎಷ್ಟೆಂದು ಪ್ರಯೋಗ ನಡೆಸಿದವರಿಗೆ ತಿಳಿದಿರಲಿಲ್ಲ. ಟಿಐಎಫ್‌ಆರ್‌ನ ನೀಲಮಣಿ ಮಾಥುರ್ ಮತ್ತು ಅವರ ಜೊತೆಗಾರ ಎಂ. ಪದ್ಮನಾಥ್ ಜಾಲಕದ ಲೆಕ್ಕದಿಂದ ಐದಕ್ಕೂ ಗುರುತು ಹಚ್ಚಿಕೊಟ್ಟರು.

ಇನ್ನು ಕೋಲಾರಕ್ಕೆ ಮರಳೋಣ. ಅಮೆರಿಕದ ಒಹಾಯೋ ರಾಜ್ಯದ ಉಪ್ಪಿನ ಗಣಿಯಲ್ಲಿ ಸಾವಿರಾರು ಟನ್ ನೀರಿಟ್ಟುಕೊಂಡು ಕೂತ ತಂಡ 1983ರಲ್ಲಿಯೇ ತನಗೆ ಪ್ರೋಟಾನಿನ ಸಾವು ಕಾಣಲಿಲ್ಲವೆಂದು ಹೇಳಿತು. ಜಪಾನಿನ ಕಾಮಿಯೋಕಾಂಡೆಯೂ ಕಾಣಲಿಲ್ಲವೆಂದಿತು. ಕೋಲಾರದ ತಂಡ 1985ರಲ್ಲಿ ಇನ್ನೂ ದೊಡ್ಡ ಎರಡನೆಯ ಉಪಕರಣವನ್ನು ಹೂಡಿ ಹುಡುಕಾಟ ಮುಂದುವರಿಸಿತು. ಮೊದಲು ಸಿಕ್ಕ ಆ ಕೆಲವು ಘಟನೆಗಳು ಪ್ರೋಟಾನಿನ ಸಾವಲ್ಲ, ಬಹುಮಟ್ಟಿಗೆ ನ್ಯೂಟ್ರಿನೋಗಳ ಕೈವಾಡ ಎಂಬುದು ಈಗ ಹೆಚ್ಚಿನವರ ಅಭಿಪ್ರಾಯ. 1965ರಲ್ಲಿ ಕೋಲಾರಕ್ಕೆ ಕೀರ್ತಿ ತಂದ ಅವೇ ವಾಯುಮಂಡಲದ ನ್ಯೂಟ್ರಿನೋಗಳು!

ಹಾಗಾದರೆ ಎಸ್‌ಯು-5 ಸತ್ತಿತೆ? ಸಾವು ಕಾಣದಿದ್ದರೆ ಸಿದ್ಧಾಂತ ತಪ್ಪು ಎನ್ನಲು ಆ ಎರಡು ಸೊನ್ನೆಗಳ ತಕರಾರು ಬಗೆಹರಿಯಬೇಕಿತ್ತು. ಇಲ್ಲದಿದ್ದರೆ ಸಿದ್ಧಾಂತದ ಪರ ವಕೀಲರು 'ಆಲ್ಫಾ ಚಿಕ್ಕದಿರಬಹುದು, ಇನ್ನಷ್ಟು ಕಾಯಿರಿ' ಎನ್ನುತ್ತಲೇ ಇರಬಹುದಿತ್ತು. 1980ರ ದಶಕದ ಉತ್ತರಾರ್ಧದಿಂದ ಜಾಲಕದವರು ಆಲ್ಫಾವನ್ನು ಎಣಿಸತೊಡಗಿದರು. 2000ದಲ್ಲಿ ಜಪಾನಿನ ತಂಡವೊಂದಕ್ಕೆ 0.015 ಬಂತು. ಇತ್ತೀಚೆಗೆ 2022ರಲ್ಲಿ, ಕ್ವಾರ್ಕುಗಳನ್ನು ನಿಜವಾದ ಹಗುರ ರಾಶಿಯಲ್ಲೇ ಇಟ್ಟು ಮಾಡಿದ ಲೆಕ್ಕದಲ್ಲಿ 0.0125ರ ಸಮೀಪ. ಹತ್ತು ಪಟ್ಟು ಇದ್ದ ಅನುಮಾನ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯಿತು. ಪ್ರಬಲ ಬಲದ ಅಳತೆಯಂತೂ ಈಗ ಅತ್ಯಂತ ನಿಖರವಾಗಿ ಸಿಗುವುದೇ ಜಾಲಕದಿಂದ, ಅನಿಶ್ಚಿತತೆ ಶೇ. 1ಕ್ಕಿಂತ ಕಡಿಮೆ. ತಪ್ಪಿಸಿಕೊಳ್ಳುವ ಕಿಂಡಿಗಳೆರಡೂ ಮುಚ್ಚಿದವು. ಜಪಾನಿನ ಸೂಪರ್-ಕಾಮಿಯೋಕಾಂಡೆ 2020ರಲ್ಲಿ ಕೊಟ್ಟ ಲೆಕ್ಕದಂತೆ, ಪಾಸಿಟ್ರಾನು ಮತ್ತು ಪಯಾನು ಆಗಿ ಒಡೆಯುವ ಮಟ್ಟಿಗೆ ಪ್ರೋಟಾನಿನ ಆಯುಸ್ಸು 24ರ ಮುಂದೆ 33 ಸೊನ್ನೆಯಷ್ಟು ವರ್ಷಕ್ಕಿಂತ ಹೆಚ್ಚಿರಲೇಬೇಕು. ಸರಳ ಎಸ್‌ಯು-5 ಸಿದ್ಧಾಂತ ಇಷ್ಟು ಆಯುಸ್ಸನ್ನು ಕೊಡಲಾರದು. ಅದಕ್ಕಿಂತ ಜಟಿಲವಾದ ಅದರ ತಮ್ಮ ತಂಗಿಯರು ಇನ್ನೂ ಕಣದಲ್ಲಿ ಉಳಿದಿದ್ದಾರೆ.

ಹತ್ತು ವರ್ಷಗಳ ಕಾಲ ಗಣಿಯ ತೊಟ್ಟಿಲಿನಲ್ಲಿ ಕೆಳಗಿಳಿದು, ಬಿಸಿ ಬಂಡೆಗಳ ನಡುವೆ ಕಬ್ಬಿಣದ ತಟ್ಟೆಗಳನ್ನು ಕಾದವರ ಶ್ರಮ ವ್ಯರ್ಥವಾಯಿತೆ ಎಂದು ಯಾರಾದರೂ ಕೇಳಿದರೆ, ಇಲ್ಲ ಎಂದು ಧೈರ್ಯವಾಗಿ ಹೇಳಬಹುದು. ಅವರು ಅಳೆದದ್ದು ಏನೆಂದು ಅರ್ಥೈಸಲು ಬೇಕಾದ ಸಂಖ್ಯೆ ತಡವಾಗಿ ಬಂತು, ಅಷ್ಟೆ. ಕೋಲಾರದ ಭೂಗತ ಪ್ರಯೋಗಾಲಯ 1990ರ ದಶಕದ ಆರಂಭದಲ್ಲಿ ಕೆಲಸ ನಿಲ್ಲಿಸಿತು. 2001ರ ಫೆಬ್ರವರಿ 28ರಂದು ಗಣಿಯೂ ಮುಚ್ಚಿತು. ನೀರೆತ್ತುವ ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿತು. ಶ್ರೀಕಂಠನ್ 2019ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಜಪಾನಿನಲ್ಲಿ ಈಗ ಹೈಪರ್-ಕಾಮಿಯೋಕಾಂಡೆ ಎಂಬ ಇನ್ನೂ ದೊಡ್ಡ ನೀರಿನ ತೊಟ್ಟಿ ನಿರ್ಮಾಣವಾಗುತ್ತಿದೆ. ಅದರಲ್ಲಿ ಎಂದಾದರೂ ಒಂದು ಪ್ರೋಟಾನು ಒಡೆದರೆ, ಅದನ್ನು ಯಾವ ಸಿದ್ಧಾಂತದ ಖಾತೆಗೆ ಬರೆಯಬೇಕೆಂದು ತಿಳಿಯಲು ಬೇಕಾದ ಆಲ್ಫಾ ಈ ಸಲ ಮೊದಲೇ ಸಿದ್ಧವಿದೆ.